ಸವೆದ ಕೋಲು, ಗೀರು ಬಿದ್ದ ಮುಖವಾಡ

ಕೆನಡಾದ ಪೂರ್ವ ತುದಿಯಲ್ಲಿ ನೋವಾ ಸ್ಕೋಶಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿನ ನಾರ್ತ್ ಸಿಡ್ನಿ ಎಂಬ ಸಣ್ಣ ಊರಿನ ಕ್ಷೌರದಂಗಡಿಯೊಂದರಲ್ಲಿ ಹಳೇ ಐಸ್ ಹಾಕಿ ಕೋಲೊಂದು ವರ್ಷಗಟ್ಟಲೆ ಇತ್ತು. ಕಟಿಂಗ್‌ಗೆ ಬಂದವರು ಸರದಿಗೆ ಕಾಯುತ್ತಾ ಅದನ್ನು ನೋಡಿರುತ್ತಾರೆ, ಅಷ್ಟೇ. 2008ರಲ್ಲಿ ಅದೇ ಪ್ರಾಂತ್ಯದ ಒಬ್ಬರು 1,000 ಡಾಲರ್ ಕೊಟ್ಟು ಅದನ್ನು ಕೊಂಡರು. ಒಂದೇ ತುಂಡು ಶುಗರ್ ಮೇಪಲ್ ಮರದಲ್ಲಿ ಕೆತ್ತಿದ ಕೋಲು. ಬ್ಲೇಡಿನ ಮೇಲೆ ಡಬ್ಲ್ಯೂ, ಎಂ ಎಂಬ ಎರಡಕ್ಷರ.

ಕೊಂಡವರು ಸುಮ್ನೆ ಕೂರಲಿಲ್ಲ. ಊರಿನ ಹಳಬರನ್ನು ಕೇಳಿದರು. ಮರದ ವಯಸ್ಸು ಹೇಳುವ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕೋಲನ್ನು ಒಯ್ದರು. ಮರದ ಉಂಗುರಗಳ ಲೆಕ್ಕದಲ್ಲಿ ಅದು 1830ರ ದಶಕದ್ದು ಅಂತ ತಿಳಿಯಿತು. ಆ ಎರಡಕ್ಷರ ವಿಲಿಯಂ ಮೊಫಟ್ ಎಂಬ ಹುಡುಗನ ಹೆಸರಿನವು. ಮನೆಯ ಹತ್ತಿರದ ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಮೊಫಟ್ ಕುಟುಂಬದವರು ಅದರಲ್ಲಿ ಆಡುತ್ತಿದ್ದರು. ತಲೆಮಾರುಗಳವರೆಗೆ ಕೋಲು ಆ ಮನೆಯಲ್ಲೇ ಉಳಿಯಿತು. 2015ರಲ್ಲಿ ಕೆನಡಾದ ಇತಿಹಾಸ ಸಂಗ್ರಹಾಲಯ ಅದಕ್ಕೆ 3 ಲಕ್ಷ ಡಾಲರ್ ಕೊಟ್ಟಿತು. ಈಗ ಗೊತ್ತಿರುವ ಹಾಕಿ ಕೋಲುಗಳಲ್ಲಿ ಅತಿ ಹಳೆಯದು ಇದೇ ಎನ್ನುತ್ತಾರೆ.

ಐಸ್ ಹಾಕಿಯ ಹಳೇ ವಸ್ತುಗಳ ಬಗ್ಗೆ ಓದಲು ಶುರು ಮಾಡಿದಾಗಿನಿಂದ ನನಗೆ ತುಂಬಾ ಇಷ್ಟವಾದ ಕತೆ ಇದು. ಕಾರಣ ಮೂರು ಲಕ್ಷ ಡಾಲರ್ ಅಲ್ಲ. ಆ ಕೋಲಿನಲ್ಲಿ ಯಾರೋ ನಿಜವಾಗಿ ಆಡಿದ್ದಾರೆ. ಅದನ್ನು ಮಾಡಿದವರು ಆಡಲಿಕ್ಕೆ ಅಂತಲೇ ಮಾಡಿದರು, ಆಡಿದರು, ಎಸೆಯದೆ ಇಟ್ಟುಕೊಂಡರು. ಅದು ಇತಿಹಾಸ ಆಗುತ್ತದೆ ಅಂತ ಅವರಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಇದಕ್ಕೆ ಪೂರ್ತಿ ಎದುರಿಗೆ ನಿಲ್ಲುವ ಇನ್ನೊಂದು ವಸ್ತುವಿದೆ. 1979ರಲ್ಲಿ ಒ-ಪೀ-ಚೀ ಎಂಬ ಚ್ಯೂಯಿಂಗ್ ಗಮ್ ಕಂಪನಿ ಅಚ್ಚು ಹಾಕಿಸಿದ ಒಂದು ಚಿತ್ರದ ಕಾರ್ಡು. ಕೆನಡಾದ ಒಂಟಾರಿಯೊದಲ್ಲಿರುವ ಲಂಡನ್ ಊರಿನ ಕಂಪನಿ ಅದು. ಕಾರ್ಡಿನ ಮೇಲೆ ಎಡ್ಮಂಟನ್ ಆಯಿಲರ್ಸ್ ತಂಡದ ಜೆರ್ಸಿ ತೊಟ್ಟ, ಇನ್ನೂ ಮೀಸೆ ಮೂಡದ, ಮುಂದೆ ಈ ಆಟದ ದಂತಕತೆಯಾದ ವೇನ್ ಗ್ರೆಟ್ಸ್‌ಕಿ. ಸುತ್ತ ನೀಲಿ ಅಂಚು. ಆ ನೀಲಿ ಬಣ್ಣ ಸ್ವಲ್ಪ ತಾಗಿದರೂ ಕಿತ್ತು ಬರುತ್ತದೆ. ಕಾರ್ಖಾನೆಯಲ್ಲಿ ಕಾಗದವನ್ನು ತಂತಿಯಿಂದ ಕತ್ತರಿಸುತ್ತಿದ್ದರಿಂದ ಅಂಚು ಒರಟಾಗಿರುತ್ತಿತ್ತು. ಹಾಗಾಗಿ ಒಂದು ಕಲೆಯೂ ಇಲ್ಲದೆ, ಮೂಲೆ ಮೊಂಡಾಗದೆ ಉಳಿದ ಕಾರ್ಡು ಸಿಗುವುದೇ ಕಷ್ಟ. ಕಾರ್ಡುಗಳಿಗೆ ಅಂಕ ಕೊಡುವ ಪಿಎಸ್ಎ ಸಂಸ್ಥೆಯಿಂದ ಹತ್ತಕ್ಕೆ ಹತ್ತು ಪಡೆದ ಈ ಕಾರ್ಡುಗಳು ಎರಡೇ ಎರಡು. ಅದರಲ್ಲಿ ಒಂದು 2020ರ ಕೊನೆಗೆ 12.9 ಲಕ್ಷ ಡಾಲರಿಗೆ ಹೋಯಿತು. ಕೆಲವೇ ತಿಂಗಳಲ್ಲಿ, 2021ರ ಮೇನಲ್ಲಿ, 37.5 ಲಕ್ಷ ಡಾಲರಿಗೆ ಮತ್ತೆ ಕೈ ಬದಲಾಯಿತು.

ಅಂದರೆ ಸುಮಾರು ಇನ್ನೂರು ವರ್ಷ ಹಳೆಯ ಮೊಫಟ್ ಕೋಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಆ ಕಾರ್ಡಿನ ಬೆಲೆ ಬಂದದ್ದು ಯಾವ ಮಗುವೂ ಅದನ್ನು ಕೈಯಲ್ಲಿ ಹಿಡಿದು ಆಡಲಿಲ್ಲ ಎಂಬ ಒಂದೇ ಕಾರಣಕ್ಕೆ. ಇದು ನನಗೆ ಬೇಸರ ತರಿಸುತ್ತದೆ. ಮಾರುಕಟ್ಟೆಯ ಲೆಕ್ಕ ಅರ್ಥವಾಗುತ್ತದೆ, ಒಪ್ಪಲು ಮಾತ್ರ ಆಗುವುದಿಲ್ಲ. ಆಟದ ವಸ್ತುವಿನಲ್ಲಿ ಆಟ ಇರಬೇಕು ಅಲ್ವಾ?

ಕೆನಡಾದ ಮಕ್ಕಳು ಈ ಕಾರ್ಡುಗಳನ್ನು ಹೇಗೆ ಬಳಸುತ್ತಿದ್ದರು ಅಂತ ಅಲ್ಲಿನ ಹಿರಿಯರನ್ನು ಕೇಳಿ. ಗೋಡೆಗೆ ಗುರಿಯಿಟ್ಟು ಎಸೆದು ಆಡುತ್ತಿದ್ದರು. ಸೈಕಲ್ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಸಿ ಟರ್ ಟರ್ ಸದ್ದು ಮಾಡಿಸುತ್ತಿದ್ದರು. ಒಂದು ಕೊಟ್ಟು ಇನ್ನೊಂದು ಪಡೆಯುತ್ತಿದ್ದರು. ನಮ್ಮಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳನ್ನು ಕೂಡಿಹಾಕಿದವರಿಗೆ ಈ ಸುಖ ಬಿಡಿಸಿ ಹೇಳಬೇಕಾಗಿಲ್ಲ.

ಒ-ಪೀ-ಚೀಗಿಂತ ಹಿಂದೆ ಇನ್ನೂ ಚೆಂದದ ಒಂದು ಪದ್ಧತಿ ಇತ್ತು. ಬೀ ಹೈವ್ ಎಂಬ ಜೋಳದ ಸಿರಪ್ಪು. ಬ್ರೆಡ್ಡಿಗೆ, ಗಂಜಿಗೆ ಸುರಿದುಕೊಂಡು ತಿನ್ನುವಂಥದ್ದು. ಡಬ್ಬಿಯ ಕತ್ತಿಗೆ ಹಾಕಿರುತ್ತಿದ್ದ ಕಾಗದದ ಪಟ್ಟಿಯನ್ನು ಅಂಚೆಯಲ್ಲಿ ಕಳಿಸಿ ನಿಮಗೆ ಬೇಕಾದ ಆಟಗಾರನ ಹೆಸರು ಬರೆದರೆ ಕಂಪನಿ ಆತನ ಫೋಟೊ ಕಳಿಸುತ್ತಿತ್ತು. 1934ರಿಂದ 1967ರವರೆಗೆ ಇದು ನಡೆಯಿತು. ಶುರುವಿನ ವರ್ಷಗಳಲ್ಲಿ ಟಿವಿ ಇರಲಿಲ್ಲ. ಹಳ್ಳಿಯ ಮಗು ರೇಡಿಯೊದಲ್ಲಿ ಹೆಸರು ಕೇಳಿ, ತಿಂಗಳುಗಟ್ಟಲೆ ಸಿರಪ್ಪು ತಿಂದು, ಪಟ್ಟಿ ಕಳಿಸಿ, ಅಂಚೆಯವನ ದಾರಿ ಕಾದು, ಕೊನೆಗೊಂದು ದಿನ ಗೋರ್ಡಿ ಹೋವ್ ಹೇಗಿದ್ದಾರೆ ಅಂತ ಮೊದಲ ಸಲ ನೋಡುತ್ತಿತ್ತು. ಇಂಥ ಫೋಟೊಗಳು ಈಗಲೂ ಹಳೇ ವಸ್ತುಗಳ ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಗೋಡೆಗೆ ಅಂಟಿಸಿದ ಗುರುತು, ಪಿನ್ನಿನ ತೂತು ಇರುವಂಥವು ನನಗೆ ಹೆಚ್ಚು ಪ್ರಿಯ.

ಗೋರ್ಡಿ ಹೋವ್ ಬಗ್ಗೆ ಎರಡು ಮಾತು. 1946ರಲ್ಲಿ ಎನ್‌ಎಚ್‌ಎಲ್‌ಗೆ ಬಂದರು, ಅಂದರೆ ಕೆನಡಾ ಮತ್ತು ಅಮೆರಿಕದ ತಂಡಗಳು ಸೇರಿ ಆಡುವ ದೊಡ್ಡ ಲೀಗಿಗೆ. 1980ರಲ್ಲಿ ಅಲ್ಲಿ ಕೊನೆಯ ಪಂದ್ಯ ಆಡಿದಾಗ ವಯಸ್ಸು 52. ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಒಂದೇ ತಂಡದಲ್ಲಿ ಆಡಿದರು. 801 ಗೋಲು. ಗ್ರೆಟ್ಸ್‌ಕಿ ಅದನ್ನು 894ಕ್ಕೆ ಒಯ್ದರು. ಈಗ ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ ಅದನ್ನೂ ದಾಟಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದೇ ಒಂದು ಹಾಕಿ ವಸ್ತುವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ನಾನು ಆರಿಸಿಕೊಳ್ಳುವುದು ಜಾಕ್ ಪ್ಲಾಂಟ್ ಅವರ ಮುಖವಾಡವನ್ನು.

ಪ್ಲಾಂಟ್ ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಗೋಲ್‌ಕೀಪರ್. ಕ್ವಿಬೆಕ್ಕಿನ ಬಡ ಮನೆಯವರು, ಹನ್ನೊಂದು ಮಕ್ಕಳಲ್ಲಿ ಹಿರಿಯರು. ಚಿಕ್ಕಂದಿನಲ್ಲೇ ಹೆಣಿಗೆ ಕಲಿತಿದ್ದರು. ದೊಡ್ಡ ಆಟಗಾರ ಆದಮೇಲೂ ತಮ್ಮ ಉಣ್ಣೆ ಟೋಪಿಗಳನ್ನು ತಾವೇ ಹೆಣೆದುಕೊಳ್ಳುತ್ತಿದ್ದರು. ಆಗಿನ ಗೋಲ್‌ಕೀಪರ್‌ಗಳು ಬರೀ ಮುಖದಲ್ಲಿ ನಿಲ್ಲುತ್ತಿದ್ದರು. ಪಕ್ ಅಂದರೆ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಅದನ್ನು ಹೆಪ್ಪುಗಟ್ಟಿಸಿಯೇ ಆಟಕ್ಕೆ ತರುತ್ತಾರೆ, ಇಲ್ಲದಿದ್ದರೆ ಪುಟಿಯುತ್ತದೆ. ಅದು ಗಂಟೆಗೆ ನೂರು ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಮುಖದ ಕಡೆ ಬರುತ್ತದೆ. ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಗಾಯವಾದರೆ ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದು ಮತ್ತೆ ನಿಲ್ಲಬೇಕು. ಪ್ರೇಕ್ಷಕರು ಅಷ್ಟು ಹೊತ್ತು ಕಾಯುತ್ತಿದ್ದರು.

ಟೆರಿ ಸಾಚಕ್ ಎಂಬ ಇನ್ನೊಬ್ಬ ಗೋಲ್‌ಕೀಪರ್ ಇದ್ದರು. 1966ರಲ್ಲಿ ಲೈಫ್ ಪತ್ರಿಕೆ ಅವರ ಮುಖದ ಒಂದು ಫೋಟೊ ಹಾಕಿತು. ಅವರ ಮುಖಕ್ಕೆ ಅದುವರೆಗೆ ಬಿದ್ದಿದ್ದ ಹೊಲಿಗೆಗಳನ್ನೆಲ್ಲ ಮೇಕಪ್ ಕಲಾವಿದರು ಒಟ್ಟಿಗೆ ತೋರಿಸಿದ್ದರು. ಇಡೀ ಮುಖ ಹೊಲಿದು ಜೋಡಿಸಿದ ಹಾಗಿದೆ. ಆ ಫೋಟೊ ನೋಡಿದ ಮೇಲೆ ಮುಖವಾಡ ಏಕೆ ಬೇಕಾಯಿತು ಅಂತ ಯಾರೂ ಕೇಳುವುದಿಲ್ಲ.

ಆದರೆ ಆಗ ಕೇಳುತ್ತಿದ್ದರು. ಪ್ಲಾಂಟ್ ಕೆನ್ನೆಮೂಳೆ ಮುರಿದುಕೊಂಡ ಮೇಲೆ ಅಭ್ಯಾಸದಲ್ಲಿ ಮುಖವಾಡ ಹಾಕುತ್ತಿದ್ದರು. ಪಂದ್ಯದಲ್ಲಿ ಹಾಕಲು ಕೋಚ್ ಟೋ ಬ್ಲೇಕ್ ಬಿಡುತ್ತಿರಲಿಲ್ಲ. ಕಣ್ಣಿಗೆ ಅಡ್ಡ ಬರುತ್ತದೆ, ಧೈರ್ಯ ಕಡಿಮೆಯಾಗುತ್ತದೆ ಎಂಬುದು ಕೋಚ್ ಮಾತು. ಫೈಬರ್‌ಗ್ಲಾಸ್ ಕಂಪನಿಯ ಬಿಲ್ ಬರ್ಚ್‌ಮೋರ್ ಎಂಬುವವರು ಪ್ಲಾಂಟ್ ಮುಖದ ಅಚ್ಚು ತೆಗೆದು, ಮುಖಕ್ಕೆ ಅಂಟಿಕೊಂಡಂತೆ ಕೂರುವ ತೆಳು ಮುಖವಾಡ ಮಾಡಿಕೊಟ್ಟಿದ್ದರು. ಅದು ಪೆಟ್ಟಿಗೆಯಲ್ಲಿ ಕಾಯುತ್ತಾ ಇತ್ತು.

1959ರ ನವೆಂಬರ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ರೇಂಜರ್ಸ್ ತಂಡದ ಆಂಡಿ ಬಾತ್‌ಗೇಟ್ ಹೊಡೆದ ಪಕ್ ನೇರ ಪ್ಲಾಂಟ್ ಮುಖಕ್ಕೆ ಬಡಿಯಿತು. ಮೂಗಿನಿಂದ ತುಟಿಯವರೆಗೆ ಸೀಳು. ಐಸ್ ಮೇಲೆ ರಕ್ತ. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡರು. ಆಮೇಲೆ ಒಂದೇ ಷರತ್ತು: ಮುಖವಾಡ ಹಾಕಲು ಬಿಟ್ಟರೆ ಆಡುತ್ತೇನೆ, ಇಲ್ಲದಿದ್ದರೆ ಇಲ್ಲ. ಕೋಚ್ ಹತ್ತಿರ ಬೇರೆ ಗೋಲ್‌ಕೀಪರ್ ಇರಲಿಲ್ಲ. ಪ್ಲಾಂಟ್ ಮುಖವಾಡ ಹಾಕಿ ಹೊರಗೆ ಬಂದರು. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಆಮೇಲೂ ಗೆಲ್ಲುತ್ತಲೇ ಹೋಯಿತು. ಮಾರ್ಚಿನಲ್ಲಿ ಕೋಚ್ ಕೇಳಿಕೊಂಡರು ಅಂತ ಒಂದು ಪಂದ್ಯ ಮುಖವಾಡ ಇಲ್ಲದೆ ಆಡಿದರು. ಡೆಟ್ರಾಯ್ಟ್ ಎದುರು 3-0ರಿಂದ ಸೋತರು. ಮುಂದಿನ ಪಂದ್ಯಕ್ಕೆ ಮುಖವಾಡ ವಾಪಸ್. ಆ ವರ್ಷ ಮಾಂಟ್ರಿಯಲ್ ಸತತ ಐದನೇ ಸಲ ಲೀಗಿನ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಎತ್ತಿತು.

ಮುಖವಾಡ ಹಾಕಿದರೆ ಹೆದರಿದ ಹಾಗಲ್ಲವೇ ಅಂತ ಕೇಳಿದವರಿಗೆ ಪ್ಲಾಂಟ್ ತಿರುಗಿಸಿ ಕೇಳಿದ ಪ್ರಶ್ನೆ ಇಂದಿಗೂ ಓಡಾಡುತ್ತದೆ. ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ಹಾರಿದರೆ ಅದು ಧೈರ್ಯವೇ ಅಂತ. ಅವರಿಗಿಂತ ಮುಂಚೆ 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಎಂಬುವವರು ಚರ್ಮದ ಮುಖವಾಡ ಹಾಕಿ ಕೆಲವೇ ಪಂದ್ಯ ಆಡಿ ಬಿಟ್ಟಿದ್ದರು. ಅದಕ್ಕೂ ಮುಂಚೆ, 1927ರಲ್ಲಿ, ಕ್ವೀನ್ಸ್ ವಿಶ್ವವಿದ್ಯಾಲಯದ ಗೋಲ್‌ಕೀಪರ್ ಎಲಿಜಬೆತ್ ಗ್ರಹಾಂ ಕತ್ತಿವರಸೆಯ ಜಾಲರಿ ಮುಖವಾಡ ಹಾಕಿ ನಿಂತಿದ್ದರು. ಮುಖವಾಡದ ಕತೆ ಹೇಳುವವರು ಈ ಹೆಣ್ಣುಮಗಳಿಂದ ಶುರು ಮಾಡಬೇಕು. ಮಾಡುವವರು ಕಡಿಮೆ.

ಪ್ಲಾಂಟ್ ನಂತರದ ಹತ್ತು ಹದಿನೈದು ವರ್ಷದಲ್ಲಿ ಎಲ್ಲರೂ ಮುಖವಾಡ ಹಾಕಿದರು. ಬಾಸ್ಟನ್ನಿನ ಗೆರಿ ಚೀವರ್ಸ್ ಅದಕ್ಕೆ ಇನ್ನೊಂದು ಅರ್ಥ ಕೊಟ್ಟರು. ಪಕ್ ಮುಖವಾಡಕ್ಕೆ ಬಡಿದಾಗಲೆಲ್ಲ, ಅದು ಇಲ್ಲದಿದ್ದರೆ ಎಲ್ಲಿ ಹೊಲಿಗೆ ಬೀಳುತ್ತಿತ್ತೋ ಅಲ್ಲಿ ಕಪ್ಪು ಬಣ್ಣದಲ್ಲಿ ಹೊಲಿಗೆಯ ಗೆರೆ ಬರೆಸುತ್ತಾ ಹೋದರು. ಕೊನೆಗೆ ಬಿಳಿ ಮುಖವಾಡದ ತುಂಬಾ ಹೊಲಿಗೆ. ಸಾಚಕ್ ಅವರ ಮುಖದ ಫೋಟೊ ಮತ್ತು ಚೀವರ್ಸ್ ಮುಖವಾಡ, ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಬಿದ್ದ ಹೊಲಿಗೆ, ಇನ್ನೊಂದರಲ್ಲಿ ಬೀಳದ ಹೊಲಿಗೆ. ಆಟದ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ವಸ್ತುಗಳು ಬಹಳ ಕಡಿಮೆ.

ಇನ್ನು ಜೆರ್ಸಿ. ಕೆನಡಾದ ಹಳಬರು ಈಗಲೂ ಸ್ವೆಟರ್ ಅಂತಲೇ ಅನ್ನುತ್ತಾರೆ, ಮೊದಲು ಅದು ಉಣ್ಣೆಯದೇ ಆಗಿತ್ತು. ಎಪ್ಪತ್ತರ ದಶಕದವರೆಗೂ ತಂಡಗಳು ಜೆರ್ಸಿಯನ್ನು ಕೂಡಿಡುವ ವಸ್ತು ಅಂತ ನೋಡುತ್ತಿರಲಿಲ್ಲ. ಹರಿದರೆ ಹೊಲಿದು ಮತ್ತೆ ಕೊಡುತ್ತಿದ್ದರು. ಸೀಸನ್ ಮುಗಿದರೆ ಕೆಳಗಿನ ಲೀಗಿನ ತಂಡಕ್ಕೆ ಸಾಗಿಸುತ್ತಿದ್ದರು. ಅಲ್ಲಿ ಹೆಸರು ಕಿತ್ತು ಬೇರೆ ಹೆಸರು ಹೊಲಿಯುತ್ತಿದ್ದರು. ಉಳಿದದ್ದಕ್ಕೆ ನುಸಿ ಹಿಡಿಯುತ್ತಿತ್ತು. ಅದಕ್ಕೇ ಅಸಲಿ ಹಳೇ ಜೆರ್ಸಿ ಅಪರೂಪ, ಅದಕ್ಕೇ ನಕಲಿಯ ಕಾಟವೂ ಜಾಸ್ತಿ.

ಅಸಲಿ ಯಾವುದು ಅಂತ ಕಂಡುಹಿಡಿಯುವ ಬಗೆ ನನಗೆ ತುಂಬಾ ಹಿಡಿಸಿದೆ. ಪಂದ್ಯದ ದಿನ ತೆಗೆದ ಫೋಟೊಗಳನ್ನು ದೊಡ್ಡದು ಮಾಡಿ ಜೆರ್ಸಿಯ ಪಕ್ಕ ಇಟ್ಟು ನೋಡುತ್ತಾರೆ. ತೋಳಿನ ಮೇಲೆ ಹಾಕಿದ ತೇಪೆ, ಅಂಕಿ ವಕ್ರವಾಗಿ ಕೂತ ರೀತಿ, ಕೋಲು ತಾಗಿ ಬಿದ್ದ ಕಪ್ಪು ಗೀರು, ಇವು ಎರಡರಲ್ಲೂ ಒಂದೇ ಜಾಗದಲ್ಲಿ ಇದ್ದರೆ ಅಸಲಿ. ಹೊಚ್ಚಹೊಸದರ ಹಾಗಿರುವ ಜೆರ್ಸಿಗೆ ಇಂಥ ಸಾಕ್ಷಿ ಸಿಗುವುದೇ ಕಷ್ಟ. ಇಲ್ಲಿ ಸವೆತವೇ ಗುರುತಿನ ಚೀಟಿ.

ಇವುಗಳಲ್ಲಿ ಪ್ರಸಿದ್ಧವಾದದ್ದು ಪಾಲ್ ಹೆಂಡರ್ಸನ್ ಅವರ 19ನೇ ನಂಬರ್ ಜೆರ್ಸಿ. 1972ರ ಸೆಪ್ಟೆಂಬರಿನಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟ ಎಂಟು ಪಂದ್ಯ ಆಡಿದವು. ನಾಲ್ಕು ಕೆನಡಾದಲ್ಲಿ, ನಾಲ್ಕು ಮಾಸ್ಕೋದಲ್ಲಿ. ಸುಲಭವಾಗಿ ಗೆಲ್ಲುತ್ತೇವೆ ಅಂದುಕೊಂಡಿದ್ದ ಕೆನಡಾ ಮೊದಲ ಪಂದ್ಯದಲ್ಲೇ 7-3ರಿಂದ ಸೋತಿತು. ವಲೇರಿ ಖರ್ಲಾಮೊವ್ ಆಟ, ಇಪ್ಪತ್ತರ ಹುಡುಗ ವ್ಲಾದಿಸ್ಲಾವ್ ಟ್ರೆಟ್ಯಾಕ್ ಗೋಲು ಕಾದ ರೀತಿ ನೋಡಿ ಕೆನಡಾದ ಜನ ದಂಗಾದರು. ಕೊನೆಗೆ ಎಲ್ಲ ನಿಂತದ್ದು ಸೆಪ್ಟೆಂಬರ್ 28ರ ಎಂಟನೇ ಪಂದ್ಯದ ಮೇಲೆ. ಶಾಲೆಗಳಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೆ ಟಿವಿ ತೋರಿಸಿದರು. ಮುಗಿಯಲು 34 ಸೆಕೆಂಡ್ ಇದ್ದಾಗ ಹೆಂಡರ್ಸನ್ ಗೋಲು ಹೊಡೆದರು. 6-5. ಆ ದಿನ ಎಲ್ಲಿದ್ದೆ ಅಂತ ಹೇಳಬಲ್ಲ ಕೆನಡಿಯನ್ನರು ಇವತ್ತಿಗೂ ಸಿಗುತ್ತಾರೆ.

ಹೆಂಡರ್ಸನ್ ಆ ಜೆರ್ಸಿಯನ್ನು ತಂಡದ ಸಿಬ್ಬಂದಿಯೊಬ್ಬರಿಗೆ ಕೊಟ್ಟುಬಿಟ್ಟಿದ್ದರು. 2010ರಲ್ಲಿ ಅದು ಹರಾಜಿಗೆ ಬಂದಾಗ ಕೆನಡಾದ ಉದ್ಯಮಿಯೊಬ್ಬರು ಸುಮಾರು 12.75 ಲಕ್ಷ ಡಾಲರಿಗೆ ಕೊಂಡರು. ಕೊಂಡು ಪೆಟ್ಟಿಗೆಯಲ್ಲಿ ಇಡಲಿಲ್ಲ, ಊರೂರಿಗೆ ಕಳಿಸಿ ಜನರಿಗೆ ತೋರಿಸಿದರು. ನನಗೆ ಈ ನಡೆ ಬಹಳ ದೊಡ್ಡದಾಗಿ ಕಾಣುತ್ತದೆ. ಇನ್ನು ಆ ಗೋಲಿನ ಪಕ್ ಪಂದ್ಯ ಮುಗಿದ ಗಡಿಬಿಡಿಯಲ್ಲಿ ಕಾಣೆಯಾಯಿತು. ತಂಡದ ಪ್ಯಾಟ್ ಸ್ಟೇಪಲ್ಟನ್ ಅದನ್ನು ಎತ್ತಿಕೊಂಡರು ಎಂಬ ಮಾತಿದೆ. ಅವರು ಕೇಳಿದವರಿಗೆಲ್ಲ ನಗುನಗುತ್ತಾ ಒಂದೊಂದು ಕತೆ ಹೇಳುತ್ತಾ 2020ರಲ್ಲಿ ತೀರಿಕೊಂಡರು.

ಸೋವಿಯತ್ ಕಡೆಯ ವಸ್ತುಗಳಿಗೆ ಕೆನಡಾದಲ್ಲಿ ಅಷ್ಟು ಬೆಲೆ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಆರನೇ ಪಂದ್ಯದಲ್ಲಿ ಕೆನಡಾದ ಬಾಬಿ ಕ್ಲಾರ್ಕ್ ಕೋಲಿನಿಂದ ಖರ್ಲಾಮೊವ್ ಅವರ ಕಾಲಿನ ಹರಡಿಗೆ ಹೊಡೆದದ್ದೂ ಅದೇ ಸರಣಿಯ ಭಾಗ. ಖರ್ಲಾಮೊವ್ 1981ರಲ್ಲಿ ಕಾರು ಅಪಘಾತದಲ್ಲಿ ಸತ್ತಾಗ ಅವರಿಗೆ ಬರೀ 33 ವರ್ಷ. ಅವರಿಲ್ಲದೆ ಹೆಂಡರ್ಸನ್ ಗೋಲಿಗೆ ಆ ತೂಕ ಬರುತ್ತಿರಲಿಲ್ಲ.

ಟೊರೊಂಟೊದ ಯಂಗ್ ಮತ್ತು ಫ್ರಂಟ್ ರಸ್ತೆಗಳು ಕೂಡುವ ಮೂಲೆಯಲ್ಲಿ 1885ರ ಒಂದು ಬ್ಯಾಂಕ್ ಕಟ್ಟಡವಿದೆ. 1993ರಿಂದ ಅದು ಆಟದ ದೊಡ್ಡವರನ್ನು ಗೌರವಿಸುವ ಸಂಗ್ರಹಾಲಯವಾದ ಹಾಕಿ ಹಾಲ್ ಆಫ್ ಫೇಮ್‌ನ ಭಾಗ. ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಸ್ಟ್ಯಾನ್ಲಿ ಕಪ್ ನಿಂತಿರುತ್ತದೆ. ಬ್ಯಾಂಕಿನ ಹಳೇ ತಿಜೋರಿ ಕೋಣೆಯೊಳಗೆ ಮೂಲ ಬಟ್ಟಲು ಇದೆ. 1892ರಲ್ಲಿ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ ಇಂಗ್ಲೆಂಡಿನ ಲಂಡನ್ನಿನಿಂದ ಹತ್ತು ಗಿನ್ನಿಗೆ ತರಿಸಿದ್ದು ಅದೇ. ಅವರ ಗಂಡುಮಕ್ಕಳು ಆಡುತ್ತಿದ್ದರು, ಮಗಳು ಇಸೊಬೆಲ್ ಕೂಡ ಆಡುತ್ತಿದ್ದಳು. ಉದ್ದ ಬಿಳಿ ಲಂಗ ತೊಟ್ಟು ಐಸ್ ಮೇಲೆ ಕೋಲು ಹಿಡಿದ ಅವಳ ಫೋಟೊ ಉಳಿದಿದೆ.

ಕಪ್‌ನಲ್ಲಿ ನನಗೆ ಇಷ್ಟವಾಗುವುದು ಅದರ ತಪ್ಪುಗಳು. ಗೆದ್ದ ಆಟಗಾರರ ಹೆಸರನ್ನು ಅಕ್ಷರ ಅಕ್ಷರವಾಗಿ ಸುತ್ತಿಗೆಯಲ್ಲಿ ಬಡಿದು ಕೆತ್ತುತ್ತಾರೆ. 1972ರಲ್ಲಿ ಬಾಬಿ ಓರ್ ಇದ್ದ ಬಾಸ್ಟನ್ ತಂಡ ಗೆದ್ದಾಗ ಊರಿನ ಹೆಸರಿನಲ್ಲಿ ಓ ಅಕ್ಷರದ ಬದಲು ಎರಡೂ ಕಡೆ ಕ್ಯೂ ಬಿತ್ತು. 1963ರಲ್ಲಿ ಟೊರೊಂಟೊ ಮೇಪಲ್ ಲೀಫ್ಸ್ ಹೆಸರಿನಲ್ಲಿ ಎಫ್ ಜಾಗಕ್ಕೆ ಇ ಬಂತು. ಪ್ಲಾಂಟ್ ಹೆಸರು ಬೇರೆ ಬೇರೆ ವರ್ಷ ಬೇರೆ ಬೇರೆ ರೀತಿ ಇದೆ. 1984ರಲ್ಲಿ ಎಡ್ಮಂಟನ್ ತಂಡದ ಮಾಲೀಕರು ತಮ್ಮ ತಂದೆಯ ಹೆಸರು ಸೇರಿಸಿಬಿಟ್ಟಿದ್ದರು. ಲೀಗ್ ಒಪ್ಪಲಿಲ್ಲ, ಆ ಹೆಸರಿನ ಮೇಲೆ ಸಾಲಾಗಿ ಎಕ್ಸ್ ಅಕ್ಷರ ಹೊಡೆಸಿತು. 1919ರಲ್ಲಿ ಫ್ಲೂ ಹಾವಳಿಯಿಂದ ಫೈನಲ್ ಅರ್ಧಕ್ಕೇ ನಿಂತಿತು, ಆಟಗಾರ ಜೋ ಹಾಲ್ ತೀರಿಕೊಂಡರು. 1924ರಲ್ಲಿ ಮಾಂಟ್ರಿಯಲ್ ಆಟಗಾರರು ಪಂಕ್ಚರ್ ಆದ ಕಾರಿನ ಚಕ್ರ ಬದಲಿಸಲು ಇಳಿದು, ಕಪ್ಪನ್ನು ರಸ್ತೆ ಬದಿಯ ಹಿಮದಲ್ಲಿ ಇಟ್ಟು ಮರೆತು ಹೋದರು. ವಾಪಸ್ ಬಂದಾಗ ಅದು ಅಲ್ಲೇ ಇತ್ತು.

ಕಪ್ಪಿನ ಕೆಳಭಾಗದಲ್ಲಿ ಐದು ಪಟ್ಟಿಗಳಿವೆ. ಸಾಮಾನ್ಯವಾಗಿ ಒಂದೊಂದರಲ್ಲಿ ಹದಿಮೂರು ವರ್ಷದ ಹೆಸರು ಹಿಡಿಯುತ್ತದೆ. ಕೊನೆಯದು ತುಂಬಿದಾಗ ಮೇಲಿನ ಹಳೇ ಪಟ್ಟಿಯನ್ನು ತೆಗೆದು, ಚಪ್ಪಟೆ ಮಾಡಿ, ತಿಜೋರಿ ಕೋಣೆಯಲ್ಲಿ ಇಡುತ್ತಾರೆ. ಕೆಳಗೆ ಹೊಸ ಪಟ್ಟಿ ಸೇರುತ್ತದೆ. 2018ರಲ್ಲಿ ಹೀಗೆ ಇಳಿದದ್ದು 1954ರಿಂದ 1965ರವರೆಗಿನ ಪಟ್ಟಿ. ಗೋರ್ಡಿ ಹೋವ್, ಮೊರೀಸ್ ರಿಶಾರ್ ಅದರಲ್ಲಿದ್ದರು. ಅದರಿಂದ ಸಿಕ್ಕ ಹೊಸ ಜಾಗದಲ್ಲಿ ಮೊದಲು ಕೂತದ್ದು ಒವೆಚ್ಕಿನ್ ಅವರ ವಾಷಿಂಗ್ಟನ್ ತಂಡ. ಕಪ್ ಬೆಳೆಯುತ್ತಲೇ ಹೋಗಲು ಆಗುವುದಿಲ್ಲ ನಿಜ. ಆದರೂ ರಿಶಾರ್ ಹೆಸರು ಇಳಿದದ್ದು ಮಾಂಟ್ರಿಯಲ್‌ನವರಿಗೆ ಹೇಗೆ ಅನಿಸಿರಬೇಕು? 50 ಪಂದ್ಯದಲ್ಲಿ 50 ಗೋಲು ಹೊಡೆದ ಮೊದಲಿಗ. 1955ರಲ್ಲಿ ಅವರನ್ನು ಸೀಸನ್ ಮುಗಿಯುವವರೆಗೆ ಅಮಾನತು ಮಾಡಿದ್ದಕ್ಕೆ ಊರೇ ಬೀದಿಗಿಳಿದು ಗಲಭೆ ಮಾಡಿತ್ತು. 1996ರಲ್ಲಿ ಹಳೇ ಫೋರಂ ಅಂಗಳ ಮುಚ್ಚುವ ರಾತ್ರಿ ಅವರು ಬಂದು ನಿಂತಾಗ ಜನ ನಿಮಿಷಗಟ್ಟಲೆ ಚಪ್ಪಾಳೆ ನಿಲ್ಲಿಸಲೇ ಇಲ್ಲ.

ಟೊರೊಂಟೊದ ಹಳೇ ಅಂಗಳ ಮೇಪಲ್ ಲೀಫ್ ಗಾರ್ಡನ್ಸ್. 1931ರಲ್ಲಿ ಶುರುವಾಗಿ 1999ರವರೆಗೆ ಲೀಫ್ಸ್ ಅಲ್ಲಿ ಆಡಿದರು. ಈಗ ಕೆಳಗೆ ದಿನಸಿ ಅಂಗಡಿ, ಮೇಲೆ ವಿಶ್ವವಿದ್ಯಾಲಯದ ಐಸ್ ರಿಂಕ್. ಅಂಗಡಿಯ ಸಾಮಾನಿನ ಸಾಲುಗಳ ನಡುವೆ ನೆಲದ ಮೇಲೆ ಒಂದು ಕೆಂಪು ಚುಕ್ಕಿ ಇದೆ. ಅಂಗಳದ ನಟ್ಟನಡುವಿನ ಬಿಂದು ಅದು. ಅಕ್ಕಿ ಬೇಳೆ ಗಾಡಿ ತಳ್ಳಿಕೊಂಡು ಜನ ಅದರ ಮೇಲೇ ಓಡಾಡುತ್ತಾರೆ. ಹೆಂಗಸರ ವೃತ್ತಿಪರ ಲೀಗ್ ಪಿಡಬ್ಲ್ಯೂಎಚ್ಎಲ್‌ನ ಮೊಟ್ಟಮೊದಲ ಪಂದ್ಯ 2024ರ ಜನವರಿ 1ರಂದು ನಡೆದದ್ದು ಇದೇ ಕಟ್ಟಡದ ಮೇಲಿನ ರಿಂಕಿನಲ್ಲಿ. ನ್ಯೂಯಾರ್ಕಿನ ಆಟಗಾರ್ತಿ ಎಲಾ ಶೆಲ್ಟನ್ ಲೀಗಿನ ಮೊದಲ ಗೋಲು ಹೊಡೆದರು. ಆ ವರ್ಷ ತಂಡಗಳಿಗೆ ಇನ್ನೂ ಅಡ್ಡಹೆಸರು ಇಟ್ಟಿರಲಿಲ್ಲ. ಜೆರ್ಸಿಯ ಮೇಲೆ ಬರೀ ಊರಿನ ಹೆಸರು. ಆ ಒಂದೇ ಸೀಸನ್ನಿನ ಜೆರ್ಸಿ ನಿಮ್ಮಲ್ಲಿದ್ದರೆ ದಯವಿಟ್ಟು ಜೋಪಾನ ಮಾಡಿ. ಮೂರು ಒಲಿಂಪಿಕ್ಸ್ ಫೈನಲ್‌ಗಳಲ್ಲಿ, 2010, 2014, 2022ರಲ್ಲಿ, ಕೆನಡಾಕ್ಕೆ ಚಿನ್ನ ತಂದ ಗೋಲು ಹೊಡೆದ ಮರೀ-ಫಿಲಿಪ್ ಪೂಲಾ ಆಡುವ ಲೀಗ್ ಇದು. ಅವರಿಗೆ ಹೀಗೆ ಸಂಬಳ ಪಡೆದು ಆಡುವ ಸ್ಥಿರ ಲೀಗ್ ಸಿಗುವಷ್ಟರಲ್ಲಿ ವಯಸ್ಸು 32 ಆಗಿತ್ತು.

ಯಾರ ವಸ್ತು ಉಳಿಯಿತು, ಯಾರದ್ದು ಉಳಿಯಲಿಲ್ಲ? ಹಾಲ್ ಆಫ್ ಫೇಮ್‌ನಿಂದ ಹೊರಗೆ ಬರುವಾಗ ತಲೆಯಲ್ಲಿ ಇದೇ ಸುತ್ತುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆನಡಾದಲ್ಲೆಲ್ಲ ಹೆಸರಾಗಿದ್ದ ಒಳ್ಳೆಯ ಹಾಕಿ ಕೋಲುಗಳನ್ನು ಕೆತ್ತಿದವರು ನೋವಾ ಸ್ಕೋಶಿಯಾದ ಮಿಕ್ಮಾ ಬುಡಕಟ್ಟಿನವರು. ಬಾಗಿದ ಬೇರು ಇರುವ ಗಟ್ಟಿ ಮರ ಹುಡುಕಿ, ಬ್ಲೇಡಿನ ತಿರುವು ಮರದಲ್ಲೇ ಸಿಗುವ ಹಾಗೆ ಕೆತ್ತುತ್ತಿದ್ದರು. ಡಾರ್ಟ್‌ಮತ್ತಿನ ಸ್ಟಾರ್ ಕಂಪನಿ ಅವುಗಳನ್ನು ಬುಡಕಟ್ಟಿನ ಹೆಸರಿನಲ್ಲೇ ಮಾರಿತು. ಕಂಪನಿಯ ಹೆಸರು ಉಳಿದಿದೆ. ಕೆತ್ತಿದ ಹೆಚ್ಚಿನವರ ಹೆಸರು ಉಳಿದಿಲ್ಲ. ಅದೇ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್‌ನಲ್ಲಿ 1895ರಲ್ಲಿ ಚರ್ಚಿನ ಹಿರಿಯರು ಸೇರಿ ಕಪ್ಪು ಜನರ ಹಾಕಿ ಲೀಗ್ ಶುರು ಮಾಡಿದರು. ಗೋಲ್‌ಕೀಪರ್ ಐಸ್ ಮೇಲೆ ಬಿದ್ದು ಪಕ್ ತಡೆಯುವುದನ್ನು ಆ ಲೀಗಿನಲ್ಲಿ ಆಗಲೇ ಮಾಡುತ್ತಿದ್ದರು. ಬಿಳಿಯರ ಲೀಗ್‌ಗಳಲ್ಲಿ ಆಗ ಅದಕ್ಕೆ ಅವಕಾಶ ಇರಲಿಲ್ಲ. ಅವರ ಕೋಲು, ಜೆರ್ಸಿ ಎಷ್ಟು ಹುಡುಕಿದರೂ ಸಿಗುವುದು ಅಪರೂಪ. ಒಂದೆರಡು ಗುಂಪು ಫೋಟೊಗಳೇ ಗತಿ. 1904ರ ಅಂಥ ಒಂದು ಫೋಟೊ 2020ರಲ್ಲಿ ಕೆನಡಾದ ಅಂಚೆಚೀಟಿ ಆಯಿತು.

1948ರಲ್ಲಿ ಚೀನಿ ಮೂಲದ ಲ್ಯಾರಿ ಕ್ವಾಂಗ್ ನ್ಯೂಯಾರ್ಕ್ ರೇಂಜರ್ಸ್ ಪರ ಒಂದೇ ಒಂದು ಪಂದ್ಯಕ್ಕೆ ಇಳಿದರು, ಅದೂ ಸುಮಾರು ಒಂದು ನಿಮಿಷ. 1958ರ ಜನವರಿ 18ರಂದು ಬಾಸ್ಟನ್ ಪರ ಆಡಿದ ವಿಲ್ಲಿ ಓರೀ ಎನ್‌ಎಚ್‌ಎಲ್‌ನ ಮೊದಲ ಕಪ್ಪು ಆಟಗಾರ. ಅವರ ಒಂದು ಕಣ್ಣು ಕಾಣುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳದೆ ಆಡಿದರು. ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ, ಅರವತ್ತು ವರ್ಷ ಆದಮೇಲೆ. 1989ರಲ್ಲಿ ವಾಷಿಂಗ್ಟನ್ ಪರ ಇಳಿದ ರಾಬಿನ್ ಬಾವಾ ಭಾರತ ಮೂಲದ ಮೊದಲ ಎನ್‌ಎಚ್‌ಎಲ್ ಆಟಗಾರ. ಬ್ರಿಟಿಷ್ ಕೊಲಂಬಿಯಾದ ಡಂಕನ್ ಊರಿನ ಪಂಜಾಬಿ ಮನೆಯವರು. 2008ರಲ್ಲಿ ಈ ಆಟದ ಕಾಮೆಂಟರಿ ಪಂಜಾಬಿಯಲ್ಲೂ ಶುರುವಾಯಿತು. ಹರ್ನಾರಾಯಣ್ ಸಿಂಗ್ ಗೋಲು ಹೊಡೆದವರ ಹೆಸರು ಕೂಗುವುದನ್ನು ಕೇಳಿದರೆ ಭಾಷೆ ಬಾರದವರಿಗೂ ಮೈ ಜುಮ್ಮೆನ್ನುತ್ತದೆ.

ಈಗ ಒವೆಚ್ಕಿನ್ ವಿಷಯ. 2025ರ ಏಪ್ರಿಲ್ 6ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ಎದುರು 895ನೇ ಗೋಲು ಹೊಡೆದರು. ಐಸ್ ಮೇಲೆ ಹೊಟ್ಟೆ ಕೊಟ್ಟು ಜಾರಿದರು. ಗ್ರೆಟ್ಸ್‌ಕಿ ಅಲ್ಲೇ ಇದ್ದರು. ಪಂದ್ಯ ನಿಲ್ಲಿಸಿ ಸಮಾರಂಭ ನಡೆಸಿದರು. ಇಂಥ ಗೋಲಿನ ಪಕ್ ಈಗ ಕಾಣೆಯಾಗುವ ಮಾತೇ ಇಲ್ಲ, ಮೊದಲೇ ಎಲ್ಲ ಸಿದ್ಧ ಮಾಡಿಕೊಂಡಿರುತ್ತಾರೆ. ಒವೆಚ್ಕಿನ್ ಸ್ವತಃ ಸಂಗ್ರಾಹಕರು. ಎದುರು ತಂಡದ ಆಟಗಾರರ ಸಹಿ ಇರುವ ಕೋಲುಗಳನ್ನು ಕೇಳಿ ಪಡೆದು ಕೂಡಿಡುತ್ತಾರೆ. ದಾಖಲೆ ಮುರಿದವರೂ ಬೇರೆಯವರ ಕೋಲಿಗೆ ಆಸೆಪಡುತ್ತಾರೆ ಎಂಬುದು ನನಗೆ ಖುಷಿ ಕೊಡುತ್ತದೆ. ಹೀಗಾಗಿ ದೊಡ್ಡ ಲೀಗಿನ ವಸ್ತುಗಳ ಬಗ್ಗೆ ನನಗೆ ಚಿಂತೆಯಿಲ್ಲ. ನನ್ನ ಚಿಂತೆ ಲಡಾಖಿನ ಬಗ್ಗೆ.

ನಮಗೆ ಹಾಕಿ ಅಂದರೆ ಕೊಡಗು, ಹುಲ್ಲಿನ ಅಂಗಳ. ಆದರೆ ಲೇಹ್‌ನಲ್ಲಿ ಚಳಿಗಾಲ ಬಂದರೆ ಐಸ್ ಹಾಕಿ. ಅಲ್ಲಿ ಈ ಆಟ ಬೆಳೆದದ್ದರಲ್ಲಿ ಸೈನ್ಯದ ಪಾಲು ದೊಡ್ಡದು. ಕಾರ್ಜೂ ಕೊಳ ಹೆಪ್ಪುಗಟ್ಟಿದರೆ ಅದೇ ಅಂಗಳ. ಬೂಟಿಗೆ ತಾವೇ ಬ್ಲೇಡ್ ಕೂರಿಸಿಕೊಂಡು, ಬೇರೆ ಆಟದ ಪ್ಯಾಡ್ ಕಟ್ಟಿಕೊಂಡು ಗೋಲಿಗೆ ನಿಂತವರ ಕಾಲ ಬಹಳ ಹಿಂದಿನದಲ್ಲ. ಅಲ್ಲಿನ ಹೆಣ್ಣುಮಕ್ಕಳು ಹುಡುಗರು ಆಡಿ ಮುಗಿಸುವವರೆಗೆ ಕಾದು, ಎರವಲು ಸ್ಕೇಟ್ ಹಾಕಿಕೊಂಡು ಕಲಿತರು. ವಿದೇಶಕ್ಕೆ ಹೋಗಿ ಆಡಲು ಜನರಿಂದ ಹಣ ಕೂಡಿಸಿದರು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಭಾರತದ ಹೆಂಗಸರ ತಂಡ ಮೊದಲ ಅಂತರರಾಷ್ಟ್ರೀಯ ಗೆಲುವು ಕಂಡಿತು. ಮರುವರ್ಷ ಕೆನಡಾದ ದಂತಕತೆ ಹೇಲಿ ವಿಕನ್‌ಹೈಸರ್ ಲೇಹ್‌ಗೇ ಹೋಗಿ ಅವರ ಜೊತೆ ಆಡಿ, ಕಲಿಸಿ ಬಂದರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ತಂಡಕ್ಕೆ ಕಂಚು ಸಿಕ್ಕಿತು.

ಆ ಬೂಟುಗಳು ಈಗ ಎಲ್ಲಿವೆ? 2017ರ ಜೆರ್ಸಿ ಯಾರ ಮನೆಯ ಟ್ರಂಕಿನಲ್ಲಿದೆ? ಕರ್ನಾಟಕದಿಂದ, ಅದರಲ್ಲೂ ಕೊಡಗಿನಿಂದ, ಎಷ್ಟೋ ಜನ ಸೈನ್ಯದಲ್ಲಿದ್ದು ಲಡಾಖಿನಲ್ಲಿ ಚಳಿಗಾಲ ಕಳೆದಿದ್ದಾರೆ. ಅವರಲ್ಲಿ ಕೊಳದ ಮೇಲೆ ಆಟ ನೋಡಿದವರು, ತಾವೇ ಕೋಲು ಹಿಡಿದವರು ಇರಬಹುದು. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಅಂಥವರಿದ್ದರೆ ಕೇಳಿ ನೋಡಿ. ಹಳೇ ಫೋಟೊ ಇದ್ದರೆ ಹಿಂಬದಿಯಲ್ಲಿ ವರ್ಷ, ಜಾಗ, ನಿಂತವರ ಹೆಸರು ಪೆನ್ಸಿಲಿನಲ್ಲಿ ಬರೆದಿಡಿ. ಸ್ಕೇಟ್ ಸಿಕ್ಕರೆ ತುಕ್ಕು ಉಜ್ಜಲು ಹೋಗಬೇಡಿ, ಹಾಗೇ ಬಟ್ಟೆಯಲ್ಲಿ ಸುತ್ತಿಡಿ. ನನಗೂ ಒಂದು ಸಾಲು ಬರೆದು ತಿಳಿಸಿ.